ಖಾಲಿ ಬಿಟ್ಟ ಹೆಸರಿನ ಜಾಗ

ಡಾಕ್ಟರ್ ಅಂಕಲ್ ಫೋನ್ ಮಾಡಿದ್ದು ಒಂದು ಮಂಗಳವಾರ ಬೆಳಗ್ಗೆ. ನಾನು ಕಚೇರಿಯ ಬೀಗ ತೆಗೆದು ಇನ್ನೂ ಕೋಟು ಬಿಚ್ಚಿರಲಿಲ್ಲ.

“ಏನಮ್ಮಾ, ನೀನು ಕೆಲಸ ಮಾಡೋದು ಅದ್ಯಾವುದೋ ದ್ವೀಪದ ಎಂಬೆಸೀಲಿ ಅಲ್ವಾ? ಆ ದೇಶದ ಸೈಲರ್ ಒಬ್ಬ ನನ್ನ ಪೇಷಂಟು. ಇವತ್ತು ಡಿಸ್ಚಾರ್ಜ್ ಮಾಡ್ಬೇಕಿತ್ತು, ಇಮಿಗ್ರೇಷನ್ನೋರು ಬಂದು ಕರ್ಕೊಂಡು ಹೋಗ್ಬಿಟ್ರು. ಹೊಲಿಗೇನೂ ಬಿಚ್ಚಿಲ್ಲ ಇನ್ನೂ!”

ಅಂಕಲ್ ದಕ್ಷಿಣ ಕೆರೊಲಿನಾದ ಬಂದರು ಊರೊಂದರಲ್ಲಿ ಸರ್ಜನ್. ಮೈಸೂರಿನವರು. ಅಮೆರಿಕಕ್ಕೆ ಬಂದು ಇಪ್ಪತ್ತೈದು ವರ್ಷ ದಾಟಿದ್ದರೂ ನಮ್ಮ ಕನ್ನಡ ಸಂಘದ ಯುಗಾದಿ ಊಟಕ್ಕೆ ಇಡೀ ದಿನ ಡ್ರೈವ್ ಮಾಡಿಕೊಂಡು ಬರುವ ಆಸಾಮಿ. ಅವರು ಹೇಳಿದ್ದು ಇಷ್ಟು. ಸರಕು ಹಡಗೊಂದರಿಂದ ಅಪೆಂಡಿಕ್ಸ್ ಒಡೆದವನನ್ನು ಇಳಿಸಿ ಹಡಗು ಹೊರಟುಹೋಗಿತ್ತು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಅವನ ಚೀಲದಲ್ಲಿ ಎರಡು ಪಾಸ್‌ಪೋರ್ಟ್ ಸಿಕ್ಕವು. ಎರಡೂ ಒಂದೇ ದೇಶದವು, ಎರಡರಲ್ಲೂ ಒಂದೇ ಮುಖ, ಹೆಸರು ಮಾತ್ರ ಬೇರೆ ಬೇರೆ. ಅಮೆರಿಕದ ವೀಸಾ ಇದ್ದದ್ದು ಹಳೆಯದರಲ್ಲಿ. ಅಧಿಕಾರಿಗಳು ಸುಳ್ಳು ದಾಖಲೆಯ ಆರೋಪ ಹೊರಿಸಿ ಅವನನ್ನು ಅಟ್ಲಾಂಟಾ ಕಡೆಗೆ ಸಾಗಿಸಿದ್ದರು.

ಆರೋಪ ನಿಂತರೆ ಅವನು ಜನ್ಮದಲ್ಲಿ ಮತ್ತೆ ಅಮೆರಿಕದ ಬಂದರಿಗೆ ಕಾಲಿಡುವಂತಿರಲಿಲ್ಲ. ಅಂಥವನನ್ನು ಯಾವ ಹಡಗಿನವರೂ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಅವನ ದ್ವೀಪದಲ್ಲಿ ಹಡಗು ಬಿಟ್ಟರೆ ಸಂಬಳ ಬರುವ ಕೆಲಸವೆಂದರೆ ಸರ್ಕಾರದ್ದು, ಅದೂ ಬೆರಳೆಣಿಕೆಯಷ್ಟು.

“ನನ್ನ ಮಗಳು ಕೇಸು ನೋಡ್ತಾಳೆ. ಅವಳಿಗೆ ಒಂದು ಕಾಗದ ಬೇಕಂತೆ ನಿಮ್ಮಿಂದ, ಅಷ್ಟೇ” ಎಂದರು ಅಂಕಲ್. ಅವರ ಮಗಳು ಇಲ್ಲೇ ಹುಟ್ಟಿ ಬೆಳೆದವಳು. ಅಟ್ಲಾಂಟಾ ಪಕ್ಕದ ಲಾರೆನ್ಸ್‌ವಿಲ್‌ನಲ್ಲಿ ವಲಸೆ ಕೇಸುಗಳ ವಕೀಲೆ.

ಒಂದು ಕಾಗದ ತಾನೇ, ಅದೇನು ಮಹಾ, ಎಂದುಕೊಂಡೆ. ಬೆಂಗಳೂರಿನ ಸಚಿವಾಲಯದಲ್ಲಿ ಒಂಬತ್ತು ವರ್ಷ ಫೈಲು ನೋಡಿದವಳು ನಾನು. ‘ಈ ಎರಡೂ ಹೆಸರಿನ ವ್ಯಕ್ತಿ ಒಬ್ಬನೇ’ ಎಂಬ ಪ್ರಮಾಣಪತ್ರವನ್ನು ನಿದ್ದೆಗಣ್ಣಲ್ಲೂ ಟೈಪು ಮಾಡಬಲ್ಲೆ.

ನಮ್ಮ ರಾಯಭಾರ ಕಚೇರಿ ಎಂದರೆ ವಾಷಿಂಗ್ಟನ್‌ನಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲೆ ಮೂರು ಕೋಣೆ. ರಾಯಭಾರಿಗಳು ವಿಶ್ವಸಂಸ್ಥೆಯ ಕೆಲಸವನ್ನೂ ನೋಡಬೇಕಿದ್ದರಿಂದ ಹೆಚ್ಚಾಗಿ ನ್ಯೂಯಾರ್ಕಿನಲ್ಲೇ ಇರುತ್ತಿದ್ದರು. ಇಲ್ಲಿ ಇದ್ದವರು ಇಬ್ಬರೇ: ಅವರ ಕೆಳಗಿನ ಅಧಿಕಾರಿಯಾಗಿದ್ದ, ಆ ದ್ವೀಪದವರೇ ಆದ ಒಬ್ಬ ಹೆಂಗಸು, ಮತ್ತೆ ನಾನು. ಆಕೆಯನ್ನು ನಾನು ಮೇಡಂ ಎನ್ನುತ್ತಿದ್ದೆ. ಸ್ಥಳೀಯ ನೇಮಕವಾದ್ದರಿಂದ ನನಗೆ ಯಾವ ಕಾಗದದ ಮೇಲೂ ಸಹಿ ಹಾಕುವ ಅಧಿಕಾರ ಇರಲಿಲ್ಲ. ಪಾಸ್‌ಪೋರ್ಟ್ ವಿಚಾರದ ಪ್ರಮಾಣಪತ್ರಗಳಿಗೆ ಸಹಿ ಬರಬೇಕಾದದ್ದು ದ್ವೀಪದ ವಿದೇಶಾಂಗ ಇಲಾಖೆಯ ಮುಖ್ಯಸ್ಥರಿಂದ. ಆ ಇಲಾಖೆಯಲ್ಲಿದ್ದವರು ಒಟ್ಟು ಐದು ಜನ. ಇದ್ದ ಒಂದು ಫ್ಯಾಕ್ಸ್ ಯಂತ್ರ ಮುಖ್ಯಸ್ಥರ ಮೇಜಿನ ಮೇಲೇ ಇತ್ತು.

ಅಂದು ಸಂಜೆಯೇ ಕರಡು ಕಳಿಸಿದೆ. ನಮ್ಮ ಸಂಜೆ ಎಂದರೆ ಅವರ ಮರುದಿನದ ಬೆಳಗ್ಗೆ. ಎರಡು ಪಾಸ್‌ಪೋರ್ಟಿನ ನಂಬರು, ಎರಡು ಹೆಸರು, ಕೆಳಗೆ ಸಹಿಗೆ ಜಾಗ. ಬುಧವಾರ ಉತ್ತರ ಬರಲಿಲ್ಲ. ಗುರುವಾರ ಬಂತು. ಅಚ್ಚುಕಟ್ಟಾಗಿ ಅವರದೇ ಲೆಟರ್‌ಹೆಡ್‌ನಲ್ಲಿ ಮತ್ತೆ ಟೈಪು ಮಾಡಿಸಿದ್ದರು. ಸಹಿ ಇತ್ತು, ಮೊಹರು ಇತ್ತು. ಹಳೆಯ ಹೆಸರು ಇರಬೇಕಾದ ಕಡೆ ಮಾತ್ರ ಬೆರಳುದ್ದದ ಖಾಲಿ ಜಾಗ ಬಿಟ್ಟಿದ್ದರು.

ವಕೀಲೆಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು.

“ಆಂಟಿ, ಇದು ವರ್ಕ್ ಆಗಲ್ಲ. ಹಳೇ ನೇಮ್ ಎಲ್ಲಿ? ದಟ್ಸ್ ದಿ ಹೋಲ್ ಪಾಯಿಂಟ್.”

“ಟೈಪಿಸ್ಟು ಬಿಟ್ಟಿರ್ಬೇಕಮ್ಮ. ಮತ್ತೆ ಕಳಿಸ್ತೀನಿ.”

ಎರಡನೆಯ ಫ್ಯಾಕ್ಸಿನಲ್ಲಿ ಹಳೆಯ ಹೆಸರನ್ನು ದೊಡ್ಡ ಅಕ್ಷರದಲ್ಲಿ ಟೈಪು ಮಾಡಿ ಕೆಳಗೆ ಗೆರೆ ಎಳೆದೆ. ಶುಕ್ರವಾರ ಉತ್ತರ ಇಲ್ಲ. ಆಮೇಲೆ ಅವರ ರಜೆ, ನಮ್ಮ ರಜೆ. ಸೋಮವಾರ ಬಂದ ಕಾಗದದಲ್ಲಿ ಮತ್ತೆ ಅದೇ ಬೆರಳುದ್ದದ ಜಾಗ. ನನಗೆ ತಲೆ ಕೆಟ್ಟು ಕೆರ ಹಿಡಿದುಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುವ ಮಾತು ಬರೀ ವಿಧಾನಸೌಧಕ್ಕೆ ಹುಟ್ಟಿದ್ದು ಎಂದುಕೊಂಡಿದ್ದೆ, ಅದು ಸಮುದ್ರ ದಾಟಿಯೂ ಸಲ್ಲುತ್ತದೆ ಎಂದು ಗೊತ್ತಾಯಿತು. ಮೂರನೆಯ ಫ್ಯಾಕ್ಸಿನ ಮೇಲೆ ‘ಅತಿ ತುರ್ತು, ಎರಡನೆಯ ಜ್ಞಾಪನೆ’ ಎಂದು ಬರೆದು, ಹೆಸರನ್ನು ಸ್ಕೆಚ್ ಪೆನ್ನಿನಲ್ಲಿ ಒಂದಲ್ಲ, ಮೂರು ಕಡೆ ತಿದ್ದಿ ಕಳಿಸಿದೆ.

ಕೋಪಕ್ಕೆ ಇನ್ನೊಂದು ಕಾರಣವಿತ್ತು. ಶುಕ್ರವಾರ ಅಟ್ಲಾಂಟಾದಲ್ಲಿ ಮೊದಲ ವಿಚಾರಣೆ ನಡೆದು ಕೆಟ್ಟು ಕೂತಿತ್ತು. ವಕೀಲೆಯ ಧ್ವನಿಯಲ್ಲೇ ಅಳು ಇತ್ತು.

“ಅವ್ನು ಎದ್ದು ಹೊರಟೇಬಿಟ್ಟ ಆಂಟಿ! ಗವರ್ನಮೆಂಟ್ ಲಾಯರ್ ಹಳೇ ನೇಮ್ ಓದಿದ್ರು. ಇವ್ನು ಸ್ಟ್ರೇಟ್ ಆಗಿ ಡೋರ್ ಕಡೆ ವಾಕ್ ಮಾಡ್ತಾನೆ. ಗಾರ್ಡ್ ಹಿಡ್ಕೊಂಡ. ಜಡ್ಜ್‌ಗೆ ತುಂಬಾ ಕೋಪ, ರೆಕಾರ್ಡಲ್ಲಿ ಬರೆಸಿದ್ರು. ಯಾಕೆ ಹಾಗೆ ಮಾಡ್ದೆ ಅಂತ ಕೇಳಿದ್ರೆ ‘ಐ ಕೆನಾಟ್ ಸೇ’ ಅಂತಾನೆ. ನೆಕ್ಸ್ಟ್ ಹಿಯರಿಂಗ್ ಒಂದೇ ಇರೋದು. ಬರೋ ಮಂಡೇ ಅಲ್ಲ, ಅದರ ನೆಕ್ಸ್ಟ್ ಮಂಡೇ.”

ಆ ಸೋಮವಾರ ರಾತ್ರಿಯೇ ನಾನೇ ಇಲಾಖೆಗೆ ಫೋನ್ ಹಚ್ಚಿದೆ. ಗುಮಾಸ್ತೆಯೊಬ್ಬಳು ಎತ್ತಿದಳು. ಮುಖ್ಯಸ್ಥರು ಇವತ್ತು ಇಲ್ಲ ಎಂದಳು. ಎಲ್ಲಿ ಹೋಗಿದ್ದಾರೆ ಎಂದೆ. ಹೋಗಿದ್ದಾರೆ ಎಂದಳು. ಯಾವಾಗ ಹೋದರು ಎಂದೆ. ನಿಮ್ಮ ಫ್ಯಾಕ್ಸ್ ಬಂದ ಮೇಲೆ ಎಂದಳು. ಬುಧವಾರ ಮೂರನೆಯ ಉತ್ತರ ಬಂತು. ಸಹಿ, ಮೊಹರು, ಖಾಲಿ ಜಾಗ.

ಆ ಕಾಗದ ಹಿಡಿದು ಮೇಡಂ ಕೋಣೆಗೆ ನುಗ್ಗಿದೆ. ಇದು ಸೋಮಾರಿತನವೋ, ನನ್ನನ್ನು ಆಟ ಆಡಿಸುತ್ತಿದ್ದಾರೋ, ಅಲ್ಲಿ ಒಬ್ಬ ಮನುಷ್ಯ ಹೊಟ್ಟೆಯ ಹೊಲಿಗೆ ಒಣಗುವ ಮೊದಲೇ ಜೈಲಿನಲ್ಲಿದ್ದಾನೆ, ಎಂದೆಲ್ಲ ಬಾಯಿಗೆ ಬಂದದ್ದು ಅಂದೆ. ಆಕೆ ಮೊದಲ ದಿನದಿಂದಲೂ ಈ ಫೈಲು ತೆರೆದಿರಲಿಲ್ಲ. ನಾನು ಇಟ್ಟರೆ ಓದದೆ ನನ್ನ ಮೇಜಿಗೇ ವಾಪಸು ತಂದಿಡುತ್ತಿದ್ದರು.

“ಬಾಗಿಲು ಹಾಕಿ” ಎಂದರು. ಹಾಕಿದೆ. “ನಿಮ್ಮ ಕಡೆ ಹೇಳಬಾರದ ಹೆಸರು ಅಂತ ಯಾವುದೂ ಇಲ್ಲವಾ?”

ಕೇಳಿದ ತಕ್ಷಣ ನನಗೆ ಕಂಡದ್ದು ಮೈಸೂರಿನ ರೇಷನ್ ಅಂಗಡಿ. ಕೌಂಟರಿನವನು “ಯಜಮಾನರ ಹೆಸರೇನಮ್ಮಾ?” ಎಂದರೆ ಅಜ್ಜಿ ಸೆರಗು ಬಾಯಿಗೆ ಹಿಡಿದು ನನ್ನ ಭುಜ ತಿವಿಯುತ್ತಿದ್ದಳು. ಆರು ವರ್ಷದ ನಾನು ತಾತನ ಹೆಸರನ್ನು ಇಡೀ ಕ್ಯೂ ಕೇಳುವ ಹಾಗೆ ಕೂಗುತ್ತಿದ್ದೆ. ಅಜ್ಜಿ ಸತ್ತರೂ ಆ ಹೆಸರು ಹೇಳುತ್ತಿರಲಿಲ್ಲ. ಹೇಳದೆಯೇ ಸತ್ತಳು ಕೂಡ.

ಮೇಡಂ ನಿಧಾನವಾಗಿ ಹೇಳಿದರು, ಪ್ರತಿ ಮಾತಿನ ಮುಂದೆ ದಾರಿ ನೋಡಿಕೊಂಡು. ಅವರ ದ್ವೀಪದಲ್ಲಿ ಸತ್ತವರ ಹೆಸರನ್ನು ಸಮಾಧಿಯ ಕಲ್ಲು ನೆಡುವ ತನಕ ನೆಂಟರು ಬಾಯಲ್ಲಿ ಆಡುವುದಿಲ್ಲ, ಕೈಯಲ್ಲಿ ಬರೆಯುವುದಿಲ್ಲ. ಅದೇ ಹೆಸರು ಹೊತ್ತ ನೆಂಟರು ಅಲ್ಲಿಯವರೆಗೆ ಬೇರೆ ಹೆಸರು ಇಟ್ಟುಕೊಳ್ಳುತ್ತಾರೆ. ಇಲಾಖೆ ಆ ಹೆಸರಿನಲ್ಲಿ ಹೊಸ ಪಾಸ್‌ಪೋರ್ಟ್ ಕೊಡುತ್ತದೆ, ಹಳೆಯದನ್ನೂ ಜೊತೆಗೆ ಇಟ್ಟುಕೊಳ್ಳಲು ಬಿಡುತ್ತದೆ. ಕಲ್ಲು ನೆಡಲು ವರ್ಷ ಹಿಡಿಯಬಹುದು, ಎರಡು ವರ್ಷವೂ ಆಗಬಹುದು. ಈ ನಾವಿಕನಿಗೆ ಸೋದರಮಾವನ ಹೆಸರು ಇಟ್ಟಿದ್ದರು. ಆ ಮಾವ ಹಿಂದಿನ ವರ್ಷ ತೀರಿಕೊಂಡಿದ್ದರು.

“ಇಲಾಖೆಯಲ್ಲಿ ನೆಂಟರಲ್ಲದವರು ಯಾರೂ ಇಲ್ಲವಾ?” ಎಂದೆ.

“ನಮ್ಮದು ಎಷ್ಟು ದೊಡ್ಡ ದೇಶ ಅಂದುಕೊಂಡಿದ್ದೀರಿ? ನಾನು ಆ ಮನೆಯ ಸೊಸೆ. ರಾಯಭಾರಿಗಳೂ ನೆಂಟರೇ. ಇಲಾಖೆಯ ಮುಖ್ಯಸ್ಥರು ತೀರಿಕೊಂಡವರ ಒಡಹುಟ್ಟಿದ ತಮ್ಮ.”

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಆಕೆ ಇನ್ನೂ ಒಂದು ಮಾತು ಹೇಳಿದರು. ಆ ಹೆಸರು ಕಣ್ಣಿಗೆ ಬಿದ್ದರೆ, ಕಿವಿಗೆ ಬಿದ್ದರೆ, ರಕ್ತಸಂಬಂಧಿ ಕೈಯಲ್ಲಿನ ಕೆಲಸ ಬಿಟ್ಟು ಎದ್ದು ಹೋಗಬೇಕು. ಅವತ್ತು ಸೂರ್ಯ ಮುಳುಗುವ ತನಕ ಸಮಾಧಿಯ ಪಕ್ಕದಲ್ಲಿ ಕೂತಿರಬೇಕು. ಹೆಸರು ಕೇಳಿಯೂ ಹೋಗದಿದ್ದರೆ ಸತ್ತವರು ಕರೆದಾಗ ಬರಲಿಲ್ಲ ಎಂದು ಅರ್ಥ.

ಮೂರು ಫ್ಯಾಕ್ಸ್, ಮೂರು ದಿನ. ಅಯ್ಯೋ ದೇವರೇ! ನಾನು ಒಂದೊಂದು ಸಲ ತುರ್ತು ಎಂದು ಕಳಿಸಿದಾಗಲೂ ಆ ಮುದುಕರು ಮೇಜು ಬಿಟ್ಟು ಎದ್ದು, ಅಣ್ಣನ ಸಮಾಧಿಯ ಹತ್ತಿರ ಸಂಜೆಯವರೆಗೆ ಕೂತು ಬರುತ್ತಿದ್ದರು. ಬಂದ ಮೇಲೆ ಕೋಪವಿಲ್ಲದೆ ನನ್ನ ಕಾಗದಕ್ಕೆ ಸಹಿ ಹಾಕಿ ಕಳಿಸುತ್ತಿದ್ದರು. ನಾನು ಸ್ಕೆಚ್ ಪೆನ್ನಿನಲ್ಲಿ ತಿದ್ದಿದ್ದು ನೆನಪಾಗಿ ನಾಚಿಕೆಯಿಂದ ಕಿವಿ ಬಿಸಿಯಾಯಿತು. ನಾವಿಕ ನ್ಯಾಯಾಲಯದಲ್ಲಿ ಎದ್ದು ಎಲ್ಲಿಗೆ ಹೊರಟಿದ್ದ ಎಂಬುದೂ ಆಗಲೇ ತಿಳಿಯಿತು.

ವಕೀಲೆಗೆ ಫೋನಿನಲ್ಲಿ ಎಲ್ಲ ಹೇಳಿದೆ.

“ಐ ಬಿಲೀವ್ ಯೂ ಆಂಟಿ. ಬಟ್ ಜಡ್ಜ್‌ಗೆ ಯಾರು ಹೇಳ್ತಾರೆ? ಅವ್ನು ಹೇಳಕ್ಕಾಗಲ್ಲ. ಮಿನಿಸ್ಟ್ರಿ ಬರೆಯಕ್ಕಾಗಲ್ಲ. ನಿಮ್ಮ ಮೇಡಂ ಬರಕ್ಕಾಗಲ್ಲ. ಯಾರಾದ್ರೂ ಓತ್ ತಗೊಂಡು ಆ ನೇಮ್ ಹೇಳ್ಬೇಕು.”

“ನಾನು ಹೇಳ್ತೀನಿ” ಎಂದೆ. ಬಾಯಿಂದ ಬಂದ ಮೇಲೆ ಅದು ಎಂಥ ಮಾತು ಎಂದು ಹೊಳೆಯಿತು. ನಾನು ಆ ಮನುಷ್ಯನನ್ನು ಕಣ್ಣಾರೆ ಕಂಡವಳಲ್ಲ. ಸಹಿಯ ಅಧಿಕಾರವೂ ಇಲ್ಲದವಳು.

ನಾಲ್ಕನೆಯ ಫ್ಯಾಕ್ಸ್ ಬರೆಯಲು ಇಡೀ ಮಧ್ಯಾಹ್ನ ಹಿಡಿಯಿತು. ಅದರಲ್ಲಿ ಹೆಸರೇ ಇರಲಿಲ್ಲ, ಹಳೆಯ ಪಾಸ್‌ಪೋರ್ಟಿನ ನಂಬರು ಮಾತ್ರ. ಮೊದಲು ಮೂರು ಸಲ ಗೊತ್ತಿಲ್ಲದೆ ಮಾಡಿದ್ದಕ್ಕೆ ಕ್ಷಮೆ ಕೇಳಿದೆ. ಆಮೇಲೆ ಒಂದು ಬೇಡಿಕೆ ಇಟ್ಟೆ: ಖಾಲಿ ಜಾಗವನ್ನು ತುಂಬುವುದು ಬೇಡ, ಅದನ್ನು ಬಾಯಿಂದ ತುಂಬಲು ನನಗೆ ಲಿಖಿತ ಅಪ್ಪಣೆ ಕೊಡಿ. ಉತ್ತರ ಒಂದು ಗಂಟೆಯೊಳಗೆ ಬಂತು, ಆ ಇಲಾಖೆಯಿಂದ ನಾನು ಕಂಡ ಅತಿ ವೇಗದ ಉತ್ತರ ಅದು. ‘ಈ ಪತ್ರದಲ್ಲಿ ಖಾಲಿ ಇರುವ ಜಾಗಕ್ಕೆ ಸೇರಬೇಕಾದ ಹೆಸರನ್ನು ನಮ್ಮ ಕಚೇರಿಯ ಈ ಉದ್ಯೋಗಿ ಹೇಳುತ್ತಾರೆ. ಅವರು ಹೇಳಿದ್ದು ಇಲಾಖೆಯ ಮಾತು.’ ಕೆಳಗೆ ಸಂಪ್ರದಾಯವನ್ನು ನಾಲ್ಕು ಸಾಲಿನಲ್ಲಿ ವಿವರಿಸಿದ್ದರು. ನ್ಯೂಯಾರ್ಕಿನಿಂದ ರಾಯಭಾರಿಗಳೂ ಒಪ್ಪಿಗೆ ಕಳಿಸಿದರು. ಮೇಡಂ ಮೊಹರು ಒತ್ತಿದರು.

ವಾಷಿಂಗ್ಟನ್ ಹೊರವಲಯದ ಗೈದರ್ಸ್‌ಬರ್ಗ್‌ನ ಮನೆಯಲ್ಲಿ ನಮ್ಮವರಿಗೆ ಸುದ್ದಿ ಇಷ್ಟವಾಗಲಿಲ್ಲ. “ನೋಡದೇ ಇರೋನ ಬಗ್ಗೆ ಕೋರ್ಟಲ್ಲಿ ಓತ್ ತಗೊಳ್ತೀಯಾ? ನಮ್ಮ ಸಿಟಿಜನ್‌ಶಿಪ್ ಅಪ್ಲೈ ಮಾಡಿರೋದು ನೆನಪಿದೆ ತಾನೆ? ನಾಳೆ ಸುಳ್ಳು ಹೇಳಿದಾಳೆ ಅಂತ ಬರೆದ್ರೆ ಏನ್ ಗತಿ ಕಣೇ?”

“ಗೊತ್ತಿಲ್ಲದ್ದು ಗೊತ್ತಿಲ್ಲ ಅಂತೀನಿ. ಸುಳ್ಳು ಎಲ್ಲಿಂದ ಬಂತು?” ಎಂದೆ.

ಭಾನುವಾರ ಬೆಳಕು ಹರಿಯುವ ಮೊದಲೇ ಹೊರಟು, ರಾಲಿ ಎಂಬ ಊರು ದಾಟಿದ ಮೇಲೆ ಕಾರು ನಿಲ್ಲಿಸಿ ಪುಳಿಯೋಗರೆ ತಿಂದು, ಸಂಜೆಗೆ ಲಾರೆನ್ಸ್‌ವಿಲ್ ಸೇರಿದೆ. ವಕೀಲೆ ಜೈಲಿಗೆ ಹೋಗಿ ಬಂದಿದ್ದಳು.

“ಅವ್ನಿಗೆ ಕ್ಲಿಯರ್ ಆಗಿ ಹೇಳಿದೀನಿ ಆಂಟಿ. ನೀವು ನೇಮ್ ಹೇಳಿದಾಗ ಏಳಬಾರದು. ಇನ್ನೊಂದು ಸಲ ಎದ್ರೆ ಕೇಸ್ ಮುಗೀತು.”

“ಒಪ್ಪಿದನಾ?”

“ಮುಖ ಗೋಡೆ ಕಡೆ ತಿರುಗಿಸ್ಕೊಂಡ. ಆಮೇಲೆ ಸರಿ ಅಂದ.”

ಆಗ ಅದು ಬುದ್ಧಿವಂತಿಕೆಯ ಮಾತು ಎಂದೇ ಇಬ್ಬರೂ ನಂಬಿದ್ದೆವು.

ಸೋಮವಾರದ ಕೋಣೆ ಚಿಕ್ಕದು, ಕಿಟಕಿ ಇಲ್ಲದ್ದು. ನ್ಯಾಯಾಧೀಶರ ಮುಂದೆ ಟೇಪ್ ರೆಕಾರ್ಡರ್. ನಾವಿಕನನ್ನು ಕರೆತಂದು ವಕೀಲೆಯ ಪಕ್ಕದಲ್ಲಿ ಕೂರಿಸಿದರು. ಮೂವತ್ತರ ಆಸುಪಾಸಿನ ದಪ್ಪ ಮಣಿಕಟ್ಟಿನ ಆಳು, ಹೊಟ್ಟೆಯ ಹೊಲಿಗೆಯ ಮೇಲೆ ಒಂದು ಕೈ. ನನ್ನನ್ನು ನೋಡಿ ತಲೆಬಾಗಿಸಿದ. ನಾನು ಪ್ರಮಾಣ ಮಾಡಿದೆ. ಪತ್ರ ಓದಿದೆ. ಖಾಲಿ ಜಾಗ ಬಂದಾಗ ಹೆಸರು ಹೇಳಿದೆ.

ಅವನು ಏಳಲಿಲ್ಲ. ಕುರ್ಚಿಯ ಕೆಳಗಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದ.

ಸರ್ಕಾರದ ವಕೀಲರು ಒರಟಾಗೇನೂ ಇರಲಿಲ್ಲ, ಅದೇ ಕಷ್ಟ. ಈ ವ್ಯಕ್ತಿಯನ್ನು ನೀವು ಮೊದಲು ನೋಡಿದ್ದೀರಾ? ಇಲ್ಲ. ಅವರ ದ್ವೀಪಕ್ಕೆ ಹೋಗಿದ್ದೀರಾ? ಇಲ್ಲ. ಈ ಹೆಸರು ನಿಮಗೆ ಗೊತ್ತಾದದ್ದು ಎಲ್ಲಿಂದ? ಹಳೆಯ ಪಾಸ್‌ಪೋರ್ಟಿನಿಂದ. ಅಂದರೆ ಯಾವುದನ್ನು ನಾವು ಅನುಮಾನಿಸುತ್ತಿದ್ದೇವೋ ಅದರಿಂದಲೇ? ಹೌದು. ಒಂದೊಂದು ಉತ್ತರಕ್ಕೂ ನನ್ನ ಕಾಲ ಕೆಳಗಿನ ನೆಲ ಸರಿಯುತ್ತಿತ್ತು. ಆದರೂ ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲಿಲ್ಲ.

ಕೊನೆಗೆ ಅವರು ನ್ಯಾಯಾಧೀಶರ ಕಡೆ ತಿರುಗಿದರು. “ಹೆಸರು ಕಿವಿಗೆ ಬಿದ್ದರೆ ರಕ್ತಸಂಬಂಧಿ ಎದ್ದು ಹೋಗಲೇಬೇಕು ಅಂತ ಈ ಪತ್ರ ಹೇಳುತ್ತದೆ. ಈಗ ತಾನೇ ಈ ಕೋಣೆಯಲ್ಲಿ ಆ ಹೆಸರು ಹೇಳಲಾಯಿತು. ಇವರು ಕೂತೇ ಇದ್ದಾರೆ.”

ವಕೀಲೆ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ನಮ್ಮ ಜಾಣತನ ನಮ್ಮ ಬುಡಕ್ಕೇ ಬಂದಿತ್ತು. ಅವನ ಬದುಕನ್ನು ಉಳಿಸಲು ಬಂದು ನಾವೇ ಅದರ ಕುತ್ತಿಗೆ ಹಿಚುಕಿದೆವಲ್ಲ ಎಂದು ಅಲ್ಲೇ ಅಳುವಷ್ಟಾಯಿತು.

ನ್ಯಾಯಾಧೀಶರು ವಯಸ್ಸಾದವರು. ಕನ್ನಡಕ ತೆಗೆದು ನೇರ ನಾವಿಕನನ್ನೇ ಕೇಳಿದರು. “ಮೊದಲ ಸಲ ಎದ್ದಿರಿ. ಇವತ್ತು ಯಾಕೆ ಏಳಲಿಲ್ಲ?”

“ಏಳಬೇಡ ಅಂದರು” ಎಂದ ಅವನು, ಮುರುಕು ಇಂಗ್ಲಿಷಿನಲ್ಲಿ.

“ಯಾರು?”

ವಕೀಲೆ ಎದ್ದು ನಿಂತಳು. “ನಾನು, ಯುವರ್ ಆನರ್. ಅದು ನನ್ನ ತಪ್ಪು.”

ನ್ಯಾಯಾಧೀಶರು ಹಳೆಯ ವಿಚಾರಣೆಯ ದಾಖಲೆಯನ್ನು ಹುಡುಕಿ ತೆಗೆದರು. ಅದರ ದಿನಾಂಕ ನೋಡಿದರು, ಇಲಾಖೆಯ ಪತ್ರದ ದಿನಾಂಕ ನೋಡಿದರು. ಅವನು ಎದ್ದು ಹೊರಟದ್ದು ಪತ್ರ ಹುಟ್ಟುವುದಕ್ಕಿಂತ ಮೊದಲು. ಅಂದರೆ ಅದು ಪತ್ರ ನೋಡಿ ಕಲಿತ ನಾಟಕವಾಗಿರಲು ಸಾಧ್ಯವಿರಲಿಲ್ಲ. ಎರಡೂ ಕಾಗದವನ್ನು ಪಕ್ಕಪಕ್ಕ ಇಟ್ಟರು.

“ನಿಮ್ಮ ವಕೀಲರ ಮಾತು ಬಿಡಿ. ನೀವು ಏನು ಮಾಡಬೇಕೋ ಮಾಡಿ” ಎಂದರು.

ಅವನು ಕಂಬಿ ಬಿಟ್ಟ. ಹೊಟ್ಟೆ ಹಿಡಿದುಕೊಂಡು ಎದ್ದು ಬಾಗಿಲ ಕಡೆ ನಾಲ್ಕು ಹೆಜ್ಜೆ ನಡೆದ. ಕಾವಲಿನವನು ಅಡ್ಡ ಬಂದಾಗ ಜಗಳವಾಡದೆ ನಿಂತ. ಅಷ್ಟು ದಪ್ಪ ಆಳು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

“ಎಲ್ಲಿಗೆ ಹೊರಟಿರಿ?” ಎಂದರು ನ್ಯಾಯಾಧೀಶರು.

“ಮಾವನ ಹತ್ತಿರ. ಎರಡು ಸಲ ಕರೆದಿದ್ದಾರೆ. ನಾನು ಹೋಗಿಲ್ಲ.”

ಕಾವಲಿನವನು ಅವನ ತೋಳು ಹಿಡಿದು ಕುರ್ಚಿಯ ಕಡೆ ತಿರುಗಿಸಲು ನೋಡಿದ. ನ್ಯಾಯಾಧೀಶರು ಕೈ ಎತ್ತಿ ತಡೆದರು. ಸರ್ಕಾರದ ವಕೀಲರನ್ನು ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಅವರು ತಮ್ಮ ಕಾಗದಗಳನ್ನು ನೋಡಿಕೊಂಡು ಇಲ್ಲ ಎಂದರು. ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ನ್ಯಾಯಾಧೀಶರು ಆದೇಶ ಹೇಳತೊಡಗಿದರು. ಎರಡೂ ಪಾಸ್‌ಪೋರ್ಟ್ ಅಸಲಿ, ವ್ಯಕ್ತಿ ಒಬ್ಬನೇ, ಸುಳ್ಳು ದಾಖಲೆಯ ಆರೋಪ ವಜಾ, ಸಿಗುವ ಮೊದಲ ವಿಮಾನದಲ್ಲಿ ಸ್ವಂತ ಇಚ್ಛೆಯಿಂದ ತನ್ನ ದೇಶಕ್ಕೆ ಹೋಗಬಹುದು. ಹಳೆಯ ಹೆಸರು ಬರಬೇಕಾದ ಕಡೆ ಬೆರಳಿನಿಂದ ಟೇಪು ನಿಲ್ಲಿಸಿ, ನನ್ನ ಕಡೆ ಒಮ್ಮೆ ನೋಡಿ, ಮತ್ತೆ ಗುಂಡಿ ಒತ್ತಿ ಪಾಸ್‌ಪೋರ್ಟಿನ ನಂಬರು ಓದಿದರು. ಒಂದು ಸಲವಲ್ಲ, ಆದೇಶದ ಉದ್ದಕ್ಕೂ ಹಾಗೆಯೇ ಮಾಡಿದರು. ಅವನು ಬಾಗಿಲಿಗೆ ಮುಖ ಮಾಡಿ ನಿಂತೇ ಇದ್ದ. ಆದೇಶ ಮುಗಿಯುವವರೆಗೂ ಯಾರೂ ಅವನನ್ನು ಕೂರಿಸಲಿಲ್ಲ.